ಅಂಕ ಸಿಗದ ಕಾಸು: ಗ್ರೇಡಿಂಗ್ ಸಂಸ್ಥೆ ನಾಣ್ಯವನ್ನು ವಾಪಸ್ ಕಳಿಸಿದರೆ ಅದರ ಅರ್ಥವೇನು?

ಕಳೆದ ವರ್ಷ ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಒಂದು ತಗಡಿನ ಡಬ್ಬಿ ತಂದು ನನ್ನ ಕೈಗಿಟ್ಟರು. ಒಳಗೆ ಏಳು ಹಳೆಯ ನಾಣ್ಯಗಳಿದ್ದವು. "ನೀನು ಕಲ್ಲು, ಕಾಸು ಅಂತ ಊರೂರು ತಿರುಗ್ತೀಯಲ್ಲ, ಇದ್ರಲ್ಲಿ ಬೆಲೆ ಬಾಳೋದು ಏನಾದ್ರೂ ಇದ್ಯಾ ನೋಡು ಮಗ. ಮಳೆಗಾಲದೊಳಗೆ ಹೆಂಚು ಬದಲಾಯಿಸ್ಬೇಕು" ಅಂದರು. ನನಗೆ ಶಾಸನದ ಅಚ್ಚು ತೆಗೆಯುವುದು, ಪಾಠ ಓದುವುದು ಅಷ್ಟಿಷ್ಟು ಗೊತ್ತು. ನಾಣ್ಯದ ಮಾರುಕಟ್ಟೆ ಗೊತ್ತಿಲ್ಲ. ಹಾಗಾಗಿ ಪರಿಚಯದ ಸಂಗ್ರಾಹಕರೊಬ್ಬರ ಮಾತು ಕೇಳಿ ಏಳನ್ನೂ ನಮ್ಮ ದೇಶದಲ್ಲೇ ಇರುವ ಒಂದು ಗ್ರೇಡಿಂಗ್ ಸಂಸ್ಥೆಗೆ ಕಳಿಸಿದೆ. ಕೆಲವು ಕಾಸುಗಳಿಗೆ ಅವುಗಳ ಬೆಲೆಗಿಂತ ಶುಲ್ಕವೇ ಜಾಸ್ತಿ ಆಗುತ್ತದೆಂದು ಹೇಳಿದರೂ ದೊಡ್ಡಮ್ಮ "ಎಲ್ಲಾನೂ ಕಳ್ಸು, ಅವರಿಟ್ಕೊಂಡಿದ್ದು" ಅಂದುಬಿಟ್ಟಿದ್ದರು.

ಎರಡು ನಾಣ್ಯಗಳು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಭದ್ರವಾಗಿ, ಮೇಲೊಂದು ಅಂಕ ಹೊತ್ತು ಬಂದವು. ಉಳಿದ ಐದು ಬಂದದ್ದು ಹೋದ ಹಾಗೆಯೇ, ಒಂದೊಂದಕ್ಕೂ ಒಂದು ಚೀಟಿಯ ಜೊತೆ. ತಮಾಷೆ ಏನೆಂದರೆ, ನಡುವೆ ದೊಡ್ಡ ತೂತು ಇರುವ 1943ರ ಕಾಸಿಗೆ ಅಂಕ ಸಿಕ್ಕಿತ್ತು. ಕಣ್ಣಿಗೆ ದುಂಡಗೆ ಚೆನ್ನಾಗಿ ಕಾಣುವ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗೆ ಸಿಕ್ಕಿರಲಿಲ್ಲ.

ದೊಡ್ಡಮ್ಮನ ಮಗ, ನಮ್ಮಣ್ಣ, ಚೀಟಿಗಳನ್ನು ತಿರುವಿ ಹಾಕಿ ಒಂದೇ ಮಾತಲ್ಲಿ ತೀರ್ಪು ಕೊಟ್ಟ: "ಐದು ನಕಲಿ ಅಂತಾಯ್ತು. ಅಪ್ಪಂಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ ಬಿಡು. ತಾಮ್ರದ್ದನ್ನೆಲ್ಲ ಗುಜರಿಗೆ ಹಾಕ್ಬಿಡೋಣ." ದೊಡ್ಡಮ್ಮ ಏನೂ ಮಾತಾಡಲಿಲ್ಲ. ಆದರೆ ಅವರ ಮುಖ ಸಣ್ಣದಾಗಿದ್ದು ಕಂಡಿತು. ಹೆಂಚಿಗಿಂತ ದೊಡ್ಡಪ್ಪ ಮೋಸ ಹೋದರು ಅನ್ನುವ ಮಾತೇ ಅವರಿಗೆ ಹೆಚ್ಚು ನಾಟಿತ್ತು.

ಅಣ್ಣನ ಓದು ತಪ್ಪು. ಆದರೆ ಆ ತಪ್ಪನ್ನು ಬಹಳ ಜನ ಮಾಡುತ್ತಾರೆ, ಮಾಡಿ ಒಳ್ಳೆಯ ನಾಣ್ಯಗಳನ್ನು ಕಳೆದುಕೊಳ್ಳುತ್ತಾರೆ. ಶಾಸನದ ಹಾಗೆ ಆ ಚೀಟಿಯನ್ನೂ ಪದ ಬಿಡಿಸಿ ಓದಬೇಕು. ಈ ಸಲ ಅದೇ ಕೆಲಸ ಮಾಡೋಣ.

ಅಂಕ ಅಂದರೆ ಏನು?

1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬುವರು ತಮ್ಮ ದೇಶದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗಾಗಿ 1ರಿಂದ 70ರವರೆಗಿನ ಒಂದು ಅಳತೆಗೋಲು ಮಾಡಿದರು. ಗುರುತು ಹಿಡಿಯಲಿಕ್ಕಷ್ಟೇ ಆಗುವಂತೆ ಸವೆದದ್ದು 1, ಒಂದು ಕಲೆಯೂ ಇಲ್ಲದೆ ಟಂಕಸಾಲೆಯಿಂದ ಬಂದಂತೆಯೇ ಇರುವುದು 70. ಆಗ ಅದು ಬೆಲೆ ಕಟ್ಟುವ ಉಪಾಯವೂ ಆಗಿತ್ತು. ಕಾಲಕ್ರಮೇಣ ಅದೇ ಅಳತೆಗೋಲು ಉಳಿದ ನಾಣ್ಯಗಳಿಗೂ ಹಬ್ಬಿತು. ಅಮೆರಿಕದಲ್ಲಿ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಕೆಲಸ ಶುರುಮಾಡಿದವು. ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ತೆರೆದರೆ ಗೊತ್ತಾಗುವಂಥ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ಇವರ ಕ್ರಮ. ಸಂಗ್ರಾಹಕರು ಆ ಪೆಟ್ಟಿಗೆಯನ್ನು ಸ್ಲ್ಯಾಬ್ ಅಂತಾರೆ. ನಮ್ಮಲ್ಲಿನ ಸಂಸ್ಥೆಗಳೂ ಇದೇ ದಾರಿ ಹಿಡಿದಿವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 60ರಿಂದ ಮೇಲಿನ ಅಂಕ ಚಲಾವಣೆಯಲ್ಲಿ ಸವೆಯದ ನಾಣ್ಯಗಳಿಗೆ. ಅದಕ್ಕಿಂತ ಕೆಳಗಿನದು ಕೈಯಿಂದ ಕೈಗೆ ಓಡಾಡಿ ಸವೆದವಕ್ಕೆ. ಅಂದರೆ ಅಂಕ ಮುಖ್ಯವಾಗಿ ಅಳೆಯುವುದು ಸಹಜ ಸವೆತವನ್ನು. ಒಂದೇ ಬಗೆಯ, ಒಂದೇ ಅಂಕದ ಎರಡು ನಾಣ್ಯಗಳನ್ನು ನೋಡದೆಯೇ ಒಂದರ ಬದಲು ಇನ್ನೊಂದನ್ನು ಕೊಳ್ಳಬಹುದು ಎಂಬುದು ಅದು ಕೊಡುವ ಭರವಸೆ. ಸವೆತವಲ್ಲದ ಬೇರೇನೋ ನಾಣ್ಯದ ಮೈಮೇಲೆ ನಡೆದಿದ್ದರೆ ಆ ಭರವಸೆ ಕೊಡಲಾಗುವುದಿಲ್ಲ. ಆಗ ಸಂಸ್ಥೆ ಅಂಕವನ್ನು ತಡೆಹಿಡಿಯುತ್ತದೆ.

"ಇಲ್ಲ" ಎಂಬುದರಲ್ಲಿ ನಾಲ್ಕು ಬಗೆ

ಚೀಟಿಗಳಲ್ಲಿ ಬರುವ ಷರಾಗಳು ನೂರೆಂಟು ಇದ್ದರೂ ಬಿಡಿಸಿ ನೋಡಿದರೆ ನಾಲ್ಕೇ ಬಗೆ.

ಒಂದು, ಇದು ಅಸಲಿಯಲ್ಲ.
ಎರಡು, ಅಸಲಿಯೋ ಅಲ್ಲವೋ ನಮ್ಮಿಂದ ಖಚಿತವಾಗಿ ಹೇಳಲಾಗದು.
ಮೂರು, ಅಸಲಿಯೇ, ಆದರೆ ಮೈ ಕೆಟ್ಟಿದೆ.
ನಾಲ್ಕು, ಇದು ನಾವು ನೋಡುವ ವಸ್ತುಗಳ ಪಟ್ಟಿಯಲ್ಲಿಲ್ಲ.

ಮೊದಲನೆಯದಕ್ಕೂ ಮೂರನೆಯದಕ್ಕೂ ಅಜಗಜಾಂತರ. ಮೂರನೆಯ ಷರಾ ಇದ್ದರೆ ಸಂಸ್ಥೆ ಆ ನಾಣ್ಯ ಅಸಲಿ ಅಂತ ಹೇಳಿದ ಹಾಗೆಯೇ ಆಯಿತು. ಹಿಂದೆ ದೊಡ್ಡ ಸಂಸ್ಥೆಗಳು ಇಂಥವನ್ನು ಸಾದಾ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಂತಿರುಗಿಸುತ್ತಿದ್ದವು. ಅಲ್ಲಿನ ಸಂಗ್ರಾಹಕರು ಅದನ್ನು ಹೆಣದ ಚೀಲ ಎಂದು ಅಣಕಿಸುತ್ತಿದ್ದರು. ಈಗ ಹಲವು ಸಂಸ್ಥೆಗಳು ಅವನ್ನೂ ಸ್ಲ್ಯಾಬ್‌ನಲ್ಲಿಟ್ಟು, ಅಂಕದ ಬದಲು "ಡೀಟೇಲ್ಸ್" ಎಂದು ಬರೆದು, ಪಕ್ಕದಲ್ಲಿ ಕಾರಣ ನಮೂದಿಸುತ್ತವೆ. ಪಿಸಿಜಿಎಸ್‌ನಲ್ಲಿ ಕಾರಣಗಳಿಗೆ ಸಂಖ್ಯೆಗಳೂ ಇವೆ. ತೊಳೆದ ನಾಣ್ಯಕ್ಕೆ 92. ನಮ್ಮ ಐದರಲ್ಲಿ ಮೂರಕ್ಕೆ ಬಂದದ್ದು ಈ ಮೂರನೆಯ ಬಗೆಯ ಷರಾ. ಅಣ್ಣ ಎಡವಿದ್ದು ಇಲ್ಲೇ.

ತೊಳೆದ ಆನೆ

ಮೊದಲನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಇಪ್ಪತ್ತು ಕಾಸು. ಒಂದು ಬದಿಯಲ್ಲಿ ಆನೆ, ಮೇಲೆ ಸೂರ್ಯ ಚಂದ್ರ, ನಡುವೆ "ಶ್ರೀ". ಇನ್ನೊಂದು ಬದಿಯಲ್ಲಿ ಕನ್ನಡದಲ್ಲಿ "ಮಯಿಲಿ ಕಾಸು" ಎಂಬ ಬರಹ, ಜೊತೆಗೆ ರೋಮನ್ ಅಂಕಿಯಲ್ಲಿ ಇಪ್ಪತ್ತು, ಇಂಗ್ಲಿಷ್ ಅಕ್ಷರಗಳಲ್ಲಿ ಕ್ಯಾಶ್. ಶಾಸನ ಓದುವವರಿಗೆ ಸೂರ್ಯ ಚಂದ್ರರನ್ನು ಪರಿಚಯ ಮಾಡಿಸಬೇಕಾಗಿಲ್ಲ. ದಾನ ಆಚಂದ್ರಾರ್ಕವಾಗಿ ನಡೆಯಲಿ ಎಂದು ಕಲ್ಲಿನ ನೆತ್ತಿಯಲ್ಲಿ ಕೆತ್ತುವ ಅದೇ ಜೋಡಿ ಇಲ್ಲಿ ಆನೆಯ ಬೆನ್ನ ಮೇಲೆ ಬಂದು ನಿಂತಿದೆ.

ಚೀಟಿಯಲ್ಲಿದ್ದ ಷರಾ: "ತೊಳೆದಿದೆ." ಅಷ್ಟೇ.

ತೊಳೆದರೆ ಏನಾಯಿತು, ಚೊಕ್ಕಟ ಆಯಿತಲ್ಲ ಅನ್ನಿಸಬಹುದು. ತಾಮ್ರದ ನಾಣ್ಯ ಅಚ್ಚಿನಿಂದ ಹೊರಬಿದ್ದ ದಿನದಿಂದಲೇ ಅದರ ಮೈ ಗಾಳಿಯ ಜೊತೆ ವ್ಯವಹಾರ ಶುರುಮಾಡುತ್ತದೆ. ಮೊದಲು ಕಂದು, ಆಮೇಲೆ ಕಪ್ಪುಗಂದು, ತೇವ ಇರುವಲ್ಲಿ ಹಸಿರು. ಇದು ಹೊರಗಿನಿಂದ ಬಂದು ಅಂಟಿದ ಕೊಳೆಯಲ್ಲ. ನಾಣ್ಯದ ಮೇಲ್ಮೈಯ ತಾಮ್ರವೇ ಆಕ್ಸೈಡ್ ಆಗಿ, ಕಾರ್ಬೊನೇಟ್ ಆಗಿ ಬದಲಾದ ಪದರ. ಇದನ್ನು ಪ್ಯಾಟಿನಾ ಅನ್ನುತ್ತಾರೆ. ಗಟ್ಟಿಯಾಗಿ ಕೂತ ಪ್ಯಾಟಿನಾ ಒಳಗಿನ ಲೋಹವನ್ನು ಕಾಯುತ್ತದೆ. ಅಷ್ಟೇ ಅಲ್ಲ, ಅಚ್ಚು ಬಿದ್ದಾಗ ಅಕ್ಷರದ ಅಂಚು ಎಲ್ಲಿತ್ತೋ ಆ ಅಂಚನ್ನು ಈಗ ಹಿಡಿದುಕೊಂಡಿರುವುದು ಆ ಪದರವೇ.

ನಮ್ಮ ಮನೆಗಳಲ್ಲಿ ತಾಮ್ರ ಹಿತ್ತಾಳೆ ಬೆಳಗುವುದು ಹೇಗೆ? ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪು ಆ ಕೆಲಸವನ್ನು ಚುರುಕು ಮಾಡುತ್ತದೆ, ನಾರು ಉಳಿದದ್ದನ್ನು ಕೆರೆದು ತೆಗೆಯುತ್ತದೆ. ಚೆಂಬು ಫಳಫಳ ಹೊಳೆಯುತ್ತದೆ, ಸರಿ. ಚೆಂಬಿನ ಮೇಲೆ ಓದಬೇಕಾದದ್ದು ಏನೂ ಇಲ್ಲ. ನಾಣ್ಯದ ಮೇಲೆ ಇದೆ. ಪದರ ಹೋದಾಗ ಅದು ಹಿಡಿದಿದ್ದ ಅಕ್ಷರದ ಅಂಚೂ ಅದರ ಜೊತೆಗೇ ಹೋಗುತ್ತದೆ.

ಪರೀಕ್ಷಕರು ಇದನ್ನು ಕಂಡುಹಿಡಿಯುವುದು ಹೇಗೆ ಅಂತ ಒಂದೇ ದೀಪದ ಕೆಳಗೆ ನೀವೂ ಮಾಡಿ ನೋಡಬಹುದು. ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಜೇಬಿನಲ್ಲಿ, ಸಂತೆಯಲ್ಲಿ ಸವೆದ ನಾಣ್ಯದ ಗೀರುಗಳು ದಿಕ್ಕಿಲ್ಲದೆ ಬಿದ್ದಿರುತ್ತವೆ. ಎತ್ತರದ ಭಾಗಗಳು ಹೆಚ್ಚು ಸವೆದಿರುತ್ತವೆ, ತಗ್ಗುಗಳು ಕಡಿಮೆ. ಉಜ್ಜಿದ ನಾಣ್ಯದಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಹರಿದಿರುತ್ತವೆ. ಎತ್ತರದ ಜಾಗ ಗುಲಾಬಿಗೆಂಪು, ಅಕ್ಷರದ ಸಂದಿಗಳಲ್ಲಿ ಮಾತ್ರ ಹಳೆಯ ಕಪ್ಪು ಉಳಿದಿರುತ್ತದೆ. ಓರೆ ಬೆಳಕು ನಮಗೇನೂ ಹೊಸದಲ್ಲ; ಸವೆದ ವೀರಗಲ್ಲನ್ನು ಸಂಜೆ ಬಿಸಿಲಲ್ಲಿ ಓದುವುದೂ ಇದೇ ಉಪಾಯದಿಂದ.

ಶಾಸನಗಳಿಗೂ ಇದೇ ಗತಿ ಬಂದದ್ದನ್ನು ನಾವು ಎಷ್ಟು ಕಡೆ ನೋಡಿಲ್ಲ! ಜೀರ್ಣೋದ್ಧಾರದ ಹೆಸರಲ್ಲಿ ಮರಳು ಹೊಡೆಸಿದ ಗೋಡೆ, ತಂತಿ ಬ್ರಷ್ಷಿನಿಂದ ತಿಕ್ಕಿದ ಕಂಬ, ಮೇಲಿಂದ ಮೇಲೆ ಸುಣ್ಣ ಬಳಿದ ಕಲ್ಲು. ಇವುಗಳಲ್ಲಿ ಸುಣ್ಣವೇ ವಾಸಿ, ಅದನ್ನು ಬಿಡಿಸಬಹುದು. ಹೋದ ಮೈಯನ್ನು ತರಲಾಗದು. ಇನ್ನೂ ಕೆಟ್ಟದ್ದು ಎಂದರೆ ಅಕ್ಷರ ಕಾಣಲಿ ಅಂತ ಎನಾಮೆಲ್ ಬಣ್ಣ ತುಂಬುವುದು. ತುಂಬಿದವರಿಗೆ ಲಿಪಿ ಬಾರದಿದ್ದರೆ ಅವರು ತುಂಬಿದ್ದೇ ಮುಂದಿನವರ ಪಾಠ ಆಗುತ್ತದೆ. ನಾಣ್ಯದಲ್ಲೂ ಇಂಥದ್ದು ಇದೆ. ಸವೆದ ಅಕ್ಷರವನ್ನು, ಆನೆಯ ಕಣ್ಣನ್ನು, ಅಂಬಾರಿಯ ಗೆರೆಯನ್ನು ಸೂಜಿಯಂಥ ಉಳಿಯಿಂದ ಮತ್ತೆ ಕೊರೆಯುತ್ತಾರೆ. ಇಂಗ್ಲಿಷಿನಲ್ಲಿ ಟೂಲಿಂಗ್ ಎನ್ನುವ ಈ ಕೆಲಸ ಕಂಡರೆ ಯಾವ ಸಂಸ್ಥೆಯೂ ಅಂಕ ಕೊಡುವುದಿಲ್ಲ, ಕೊಡಲೂಬಾರದು. ಅಲ್ಲಿ ನಾವು ಓದುತ್ತಿರುವುದು ಟಂಕಸಾಲೆಯ ಕೈಯನ್ನಲ್ಲ, ಮಾರಾಟಗಾರನ ಕೈಯನ್ನು.

ಕೊಂಡಿ ಕಿತ್ತ ರೂಪಾಯಿ

ಎರಡನೆಯದು 1862 ಎಂದು ಇಸವಿ ಇರುವ ವಿಕ್ಟೋರಿಯಾ ರೂಪಾಯಿ. ಷರಾ: "ಆಭರಣದ ಕೊಂಡಿ ತೆಗೆದ ಗುರುತು." ದೊಡ್ಡಮ್ಮನಿಗೆ ತೋರಿಸಿದಾಗ ಅವರು ಕೂಡಲೇ "ಹೌದು, ನಮ್ಮತ್ತೆ ಸರದಲ್ಲಿತ್ತು" ಅಂದರು. ಕಾಸಿನ ಸರ ನಮ್ಮಲ್ಲಿ ಹೊಸ ಮಾತಲ್ಲ. ನಾಣ್ಯದ ನೆತ್ತಿಗೆ ಕೊಂಡಿ ಬೆಸೆದು ಪೋಣಿಸಿ ಹಾಕಿಕೊಳ್ಳುತ್ತಿದ್ದರು. ಕಷ್ಟಕ್ಕೆ ಬಂದಾಗ ಒಂದೊಂದೇ ಬಿಡಿಸಿ ಮಾರುತ್ತಿದ್ದರು. ಕೊಂಡಿ ತೆಗೆದಾಗ ಬೆಸುಗೆಯ ಗಂಟು ಉಳಿಯುತ್ತದೆ. ಅದನ್ನು ಅರ ಹಾಕಿ ಸವರಿದರೆ ಅಂಚಿನ ಸಣ್ಣ ಗೆರೆಗಳ ಸಾಲು ಅಲ್ಲಿ ಮುರಿಯುತ್ತದೆ. ರೂಪಾಯಿಯ ಅಂಚಿನ ಸುತ್ತ ಉಗುರು ಆಡಿಸಿದರೆ ಸಾಕು, ಎಲ್ಲಿ ಜಾರುತ್ತದೋ ಅಲ್ಲಿ ಕೊಂಡಿ ಇತ್ತು.

ಇದರಲ್ಲಿ ಇನ್ನೊಂದು ನಷ್ಟವೂ ಇದೆ. 1862 ಎಂಬ ಇಸವಿಯನ್ನು ಟಂಕಸಾಲೆಗಳು ಆಮೇಲೆ ಹಲವು ವರ್ಷ ಬದಲಾಯಿಸದೆ ಹಾಗೇ ಅಚ್ಚು ಹಾಕಿದವು. ನಿಜವಾದ ಕಾಲವನ್ನು ಹುಡುಕಲು ತಜ್ಞರು ಹಿಂಬದಿಯ ವಿನ್ಯಾಸದಲ್ಲಿ ಅಡಗಿರುವ ಪುಟ್ಟ ಚುಕ್ಕಿಗಳನ್ನು ಎಣಿಸುತ್ತಾರೆ. ಸರದ ನಾಣ್ಯ ವರ್ಷಗಟ್ಟಲೆ ಎದೆಗೆ ಉಜ್ಜಿ, ಅಕ್ಕಸಾಲಿ ಮೆರುಗು ಕೊಟ್ಟು, ಆ ಚುಕ್ಕಿಗಳೇ ಅಳಿಸಿಹೋಗಿರುತ್ತವೆ. ನಮ್ಮದರಲ್ಲೂ ಹಾಗೇ ಆಗಿದೆ.

ಈಗ ಆ 1943ರ ತೂತು ಕಾಸಿನ ಒಗಟು ಬಿಡಿಸಬಹುದು. ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ ಸರ್ಕಾರವೇ ನಡುವೆ ತೂತಿಟ್ಟು ಕಾಸು ಹೊರಡಿಸಿತು. ಅದು ವಿನ್ಯಾಸದ ಭಾಗ. ಟಂಕಸಾಲೆ ಮಾಡಿದ ತೂತು ಗಾಯವಲ್ಲ. ಆಮೇಲೆ ಯಾರೋ ಮಾಡಿದ ಸೂಜಿಮೊನೆಯಷ್ಟು ತೂತೂ ಗಾಯವೇ. ಅಚ್ಚಿನ ಬಾಯಿಂದ ಹೊರಬಂದ ಮೇಲೆ ಏನಾಯಿತು ಅನ್ನುವುದೇ ಅಂಕ ಕೊಡುವವರ ಪ್ರಶ್ನೆ.

ಕಿಲುಬು ಹಿಡಿದ ಟಿಪ್ಪು ಪೈಸೆ

ಮೂರನೆಯದು ಟಿಪ್ಪು ಸುಲ್ತಾನನ ತಾಮ್ರದ ಪೈಸೆ. ಒಂದು ಬದಿ ಆನೆ, ಇನ್ನೊಂದು ಬದಿ ಪಾರಸಿ ಬರಹದಲ್ಲಿ ಟಂಕಸಾಲೆಯ ಹೆಸರು, "ಪಟನ್", ಅಂದರೆ ನಮ್ಮ ಶ್ರೀರಂಗಪಟ್ಟಣ. ಟಿಪ್ಪು ತನ್ನ ಟಂಕಸಾಲೆಗಳಿಗೆ ಹೊಸ ಹೆಸರಿಡುವುದರಲ್ಲಿ ಉತ್ಸಾಹಿ. ಚಿತ್ರದುರ್ಗ ಅವನ ನಾಣ್ಯಗಳಲ್ಲಿ ಫರ್ರುಖ್‌ಯಾಬ್ ಹಿಸಾರ್ ಆಗುತ್ತದೆ, ಧಾರವಾಡ ಖುರ್ಷಿದ್ ಸವಾದ್ ಆಗುತ್ತದೆ. ಹಿಜರಿ ಬಿಟ್ಟು ಮೌಲೂದಿ ಎಂಬ ಬೇರೆ ಶಕೆ ತಂದ ಮೇಲೆ ಇಸವಿಯ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಗೊತ್ತಿಲ್ಲದೆ ಎಡದಿಂದ ಓದಿದರೆ ಕಾಲ ತಲೆಕೆಳಗು. ಇಂಥ ನಾಣ್ಯದಲ್ಲಿ ಒಂದು ಅಕ್ಷರ, ಒಂದು ಅಂಕಿ ಹೋದರೂ ಊರು ಹೋಗುತ್ತದೆ, ವರ್ಷ ಹೋಗುತ್ತದೆ.

ಇದರ ಷರಾ: "ಸಕ್ರಿಯ ಕಿಲುಬು. ಮುಚ್ಚಿಡಲು ಯೋಗ್ಯವಲ್ಲ." ಹಸಿರು ಕಂಡ ಕೂಡಲೇ ಎಲ್ಲವೂ ಕಿಲುಬಲ್ಲ. ಗಟ್ಟಿಯಾದ, ಒತ್ತಿದರೆ ಉದುರದ ಕಡುಹಸಿರು ಶಾಂತವಾಗಿರುವ ಪ್ಯಾಟಿನಾ. ತಿಳಿಹಸಿರು ಬಣ್ಣದ, ಕಡ್ಡಿಯ ತುದಿ ತಾಗಿದರೆ ಪುಡಿಪುಡಿಯಾಗಿ ಉದುರುವುದು ಅಪಾಯದ್ದು. ಉಪ್ಪಿನ ಕ್ಲೋರೈಡ್ ಲೋಹದೊಳಗೆ ಸೇರಿಕೊಂಡು, ಗಾಳಿಯ ತೇವ ಸಿಕ್ಕಾಗಲೆಲ್ಲ ಮತ್ತೆ ಮತ್ತೆ ತಾಮ್ರವನ್ನು ತಿನ್ನುತ್ತದೆ. ಅಂಥದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಒಳಗೇ ತಿಂದು ಮುಗಿಸೀತು. ಇವತ್ತು ಕೊಟ್ಟ ಅಂಕ ಮುಂದಿನ ವರ್ಷಕ್ಕೆ ಸುಳ್ಳಾಗುತ್ತದೆ. ಹಾಗಾಗಿ ಅವರು ನಿರಾಕರಿಸಿದ್ದು ನಾಣ್ಯದ ಒಳ್ಳೆಯದಕ್ಕೇ. ಮೊದಲು ಸಂರಕ್ಷಣೆ ಮಾಡಿಸಿ ಅನ್ನುವ ಸಲಹೆ ಅದು. ಹುಣಸೆ ಜೊತೆ ಉಪ್ಪು ಹಾಕಿ ತೊಳೆದವರು ತಮಗೇ ಗೊತ್ತಿಲ್ಲದೆ ಇದೇ ಕ್ಲೋರೈಡನ್ನು ನಾಣ್ಯಕ್ಕೆ ಊಡಿರುತ್ತಾರೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೂ ಹಸಿರು ಅಂಟು ಹಿಡಿಯುತ್ತದೆ. ಅದೂ ನಿರಾಕರಣೆಗೆ ಒಂದು ಸಾಮಾನ್ಯ ಕಾರಣ.

ಒಂದು ನಿಜವಾದ ನಕಲಿ

ಅಣ್ಣನ ಮಾತು ಒಂದರ ವಿಷಯದಲ್ಲಿ ಸರಿ. ನಾಲ್ಕನೆಯದು ಒಂದು ಬದಿ ರಾಮನ ಪಟ್ಟಾಭಿಷೇಕ, ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, ಒಂದು ಅಣೆ, 1818 ಎಂಬ ಬರಹ. ಕಂಪನಿ ಇಂಥ ಅಣೆಯನ್ನು ಹೊರಡಿಸಲೇ ಇಲ್ಲ. ರಾಮ, ಹನುಮಂತ, ಕಮಲ ಹೀಗೆ ಚಿತ್ರ ಬದಲಾಯಿಸಿ, 1616, 1717, 1818 ಅಂತ ಮನಸ್ಸಿಗೆ ಬಂದ ಇಸವಿ ಹಾಕಿ ಆಮೇಲೆ ಮಾಡಿದ ಬಿಲ್ಲೆಗಳಿವು. ದೇವಸ್ಥಾನಗಳಲ್ಲಿ ಭಕ್ತರಿಗೆ ಸಿಗುತ್ತಿದ್ದ ರಾಮಟಂಕ ಎಂಬ ಬಿಲ್ಲೆಗಳ ಸಂಪ್ರದಾಯವೇ ಬೇರೆ. ಅವು ಚಲಾವಣೆಯ ಹಣವಲ್ಲದಿದ್ದರೂ ಪೂಜೆಯ ವಸ್ತುಗಳಾಗಿ ನಿಜವಾದವು. ಕಂಪನಿಯ ಹೆಸರು ಹೊತ್ತ ಬಿಲ್ಲೆ ಮಾತ್ರ ಶುದ್ಧ ಕಲ್ಪನೆ. ಇವು ಅಕ್ಕಿಕಾಳನ್ನು ಸೆಳೆಯುತ್ತವೆ, ಕೋಟಿ ಬೆಲೆ ಬಾಳುತ್ತವೆ ಅಂತ ಹೇಳಿ ರೈಸ್ ಪುಲ್ಲಿಂಗ್ ಹೆಸರಲ್ಲಿ ಜನರನ್ನು ಮುಳುಗಿಸಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ದಯವಿಟ್ಟು ಹುಷಾರು.

ನಕಲಿ ಪತ್ತೆ ಹಚ್ಚುವ ದಾರಿಗಳು ಹಲವು. ತೂಕ ಮೊದಲು. ಎರಕ ಹೊಯ್ದ ನಕಲಿಯಲ್ಲಿ ಗುಳ್ಳೆಯ ಗುಳಿಗಳು, ಅಂಚಿನ ಸುತ್ತ ಸೇರುಗೆರೆ, ಸಾಬೂನು ಕರಗಿದಂಥ ಮೊಂಡು ಅಕ್ಷರ ಇರುತ್ತವೆ. ಸಾಂದ್ರತೆಯನ್ನೂ ಅಳೆಯಬಹುದು: ಚಿನ್ನಕ್ಕೆ 19.3, ಬೆಳ್ಳಿಗೆ 10.5, ತಾಮ್ರಕ್ಕೆ ಸುಮಾರು 8.9. ಆದರೆ ಈ ಬಿಲ್ಲೆಯ ವಿಷಯದಲ್ಲಿ ಯಾವ ಯಂತ್ರವೂ ಬೇಕಿರಲಿಲ್ಲ. ಬರಹ ಓದಿದರೆ ಸಾಕಿತ್ತು. ಹೇಳುವ ಕಾಲಕ್ಕೂ ಹೇಳುವ ಮಾತಿಗೂ ಹೊಂದಿಕೆಯಿಲ್ಲ. ಕೂಟ ತಾಮ್ರಪಟಗಳನ್ನು ನಾವು ಹಿಡಿಯುವುದೂ ಹೀಗೆಯೇ ಅಲ್ಲವೇ?

ಅಂಕಿ ಇದ್ದೂ ಅಂಕ ಇಲ್ಲದ್ದು

ನನ್ನ ಕುತೂಹಲ ಕೆರಳಿಸಿದ್ದು ಐದನೆಯದು. ಬೆರಳುಗುರಿನಷ್ಟು ಅಗಲದ ದಪ್ಪ ತಾಮ್ರದ ಕಾಸು. ಒಂದು ಬದಿಯಲ್ಲಿ ಕನ್ನಡ ಅಂಕಿ ೧೪. ಇನ್ನೊಂದು ಬದಿಯಲ್ಲಿ ಒಂದನ್ನೊಂದು ಕತ್ತರಿಸುವ ಅಡ್ಡ ಉದ್ದ ಗೆರೆಗಳು. ರಾಜನ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಇಂಥ ಅಂಕಿ ಕಾಸುಗಳನ್ನು ಮೈಸೂರು ಒಡೆಯರ ಆಳ್ವಿಕೆಗೆ ಸೇರಿಸುವುದು ವಾಡಿಕೆ. ಆ ಅಂಕಿ ಏನನ್ನು ಸೂಚಿಸುತ್ತದೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಷರಾ: "ಖಚಿತಪಡಿಸಲಾಗಿಲ್ಲ." ಇದು ನಕಲಿ ಎಂಬ ಮಾತಲ್ಲ. ಅಂಕ ಕೊಡಬೇಕಾದರೆ ಹೋಲಿಸಿ ನೋಡಲು ಒಂದು ಮಾದರಿ ಬೇಕು. ಯಂತ್ರದಲ್ಲಿ ಲಕ್ಷಗಟ್ಟಲೆ ಒಂದೇ ಥರ ಹೊರಬಂದ ರೂಪಾಯಿಗೆ ಮಾದರಿ ಸುಲಭ. ಕೈಯಲ್ಲಿ ಸುತ್ತಿಗೆ ಹಿಡಿದು ಒಂದೊಂದೇ ಹೊಡೆದ ಕಾಸಿಗೆ? ಬಿಲ್ಲೆ ಚಿಕ್ಕದು, ಅಚ್ಚು ದೊಡ್ಡದು. ಅರ್ಧ ಬರಹ ಹೊರಗೇ ಉಳಿಯುತ್ತದೆ. ಏಟು ಓರೆಯಾದರೆ ಒಂದು ಮಗ್ಗುಲು ಬೋಳು. ಅವು ಯಾವುವೂ ದೋಷವಲ್ಲ, ಆ ಕಾಲದ ಕೆಲಸದ ರೀತಿ. ಎನ್‌ಜಿಸಿಯವರು ಪ್ರಾಚೀನ ನಾಣ್ಯಗಳಿಗೆ ಅಚ್ಚು ಬಿದ್ದ ರೀತಿಗೆ 5ರಲ್ಲಿ ಇಷ್ಟು, ಮೇಲ್ಮೈಗೆ 5ರಲ್ಲಿ ಇಷ್ಟು ಅಂತ ಬೇರೆ ಲೆಕ್ಕ ಇಟ್ಟಿರುವುದು ಇದೇ ಕಾರಣಕ್ಕೆ. ಯಂತ್ರದ ನಾಣ್ಯಕ್ಕೆ ಹೊಲಿದ ಅಂಗಿ ಕೈನಾಣ್ಯಕ್ಕೆ ಕೂರುವುದಿಲ್ಲ.

ಅವರ ಕಣ್ಣು, ನಮ್ಮ ಕಣ್ಣು

ಹಾಗಾದರೆ ಸಂಸ್ಥೆ ಹೇಳಿದ್ದೆಲ್ಲ ವೇದವಾಕ್ಯವೇ? ಅಲ್ಲ. ಅವರು ಕೇಳುವ ಪ್ರಶ್ನೆ ಬೇರೆ, ನಾವು ಕೇಳುವುದು ಬೇರೆ. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಸರಾಫರು ಲೋಹ ಪರೀಕ್ಷಿಸಿ ಕುಟ್ಟಿದ ಪುಟ್ಟ ಮುದ್ರೆಗಳು ಇರುತ್ತವೆ. ಅಂಕ ಕೊಡುವವರಿಗೆ ಅದು ಗಾಯ. ನಮಗೆ ಅದು ಆ ನಾಣ್ಯ ಯಾರ್ಯಾರ ಗದ್ದುಗೆ ಹತ್ತಿ ಬಂತು ಎಂಬುದರ ದಾಖಲೆ, ಕಲ್ಲಿನ ಮೂಲೆಯಲ್ಲಿ ಆಮೇಲೆ ಯಾರೋ ಸೇರಿಸಿದ ಸಾಲಿನ ಹಾಗೆ. ದೊಡ್ಡಮ್ಮನ ಅತ್ತೆಯ ರೂಪಾಯಿಯ ಬೆಸುಗೆಯೂ ಹಾಗೆಯೇ ಒಂದು ಮನೆಯ ಚರಿತ್ರೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ "ಶ್ರೀ ತಳಕಾಡುಗೊಂಡ" ಅಂತ ಕನ್ನಡದಲ್ಲಿ ಇದೆಯಲ್ಲ, ಅದಕ್ಕೆ ಕೊಂಡಿ ಬೆಸೆದಿದ್ದರೂ ಆ ಮೂರು ಸಾಲು ಓದಲು ಬರುವವರೆಗೆ ಅದು ನಮಗೆ ಪೂರ್ಣ ದಾಖಲೆಯೇ.

ಆದರೆ ಒಂದು ವಿಷಯದಲ್ಲಿ ಇಬ್ಬರ ಕಣ್ಣೂ ಒಂದೇ. ತಿಕ್ಕಿ ತೊಳೆಯುವುದು ಮತ್ತು ಕೊರೆದು ತಿದ್ದುವುದು. ಸರಾಫನ ಮುದ್ರೆ, ಸರದ ಕೊಂಡಿ ನಾಣ್ಯಕ್ಕೆ ಏನನ್ನೋ ಸೇರಿಸಿದವು, ಬದಲಿಗೆ ಸ್ವಲ್ಪ ಕಳೆದವು. ತೊಳೆಯುವುದು ಕಳೆಯುತ್ತದೆ ಅಷ್ಟೇ. ಅಂಕ ಹೋದದ್ದು ಸಣ್ಣ ನಷ್ಟ, ಪಾಠ ಹೋದದ್ದು ದೊಡ್ಡದು. ನಿರಾಕರಣೆಯ ಚೀಟಿ ಬಂದರೆ ನಾವು ಕೇಳಿಕೊಳ್ಳಬೇಕಾದದ್ದು ಇದು: ಕಡಿಮೆಯಾದದ್ದು ಬೆಲೆಯೋ, ಸಾಕ್ಷಿಯೋ?

ಕಳಿಸುವ ಮುನ್ನ

ವಿದೇಶದ ಸಂಸ್ಥೆಗೆ ಕಳಿಸೋಣ ಅಂತ ಕೆಲವರು ಕೇಳುತ್ತಾರೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಲ್ಲಿ ಪುರಾವಸ್ತು ಎಂಬ ಪದದ ವಿವರಣೆ ಶುರುವಾಗುವುದೇ ನಾಣ್ಯದಿಂದ; ಅದೇ ಸಾಲಿನಲ್ಲಿ ಶಾಸನವೂ ಇದೆ. 100 ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನೆಲ ಅಗೆಯುವಾಗ ಸಿಕ್ಕಿದ್ದಾದರೆ ಅದು ನಿಧಿ ಕಾಯ್ದೆಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ತಿಳಿಸದೆ ಬಿಡಿಬಿಡಿಯಾಗಿ ಹಂಚಿಹೋದ ನಿಧಿಯಲ್ಲಿ ಯಾವ ನಾಣ್ಯ ಯಾವುದರ ಜೊತೆಗಿತ್ತು ಎಂಬ ಸಾಕ್ಷಿಯೇ ಅಳಿದುಹೋಗುತ್ತದೆ.

ಮಿಕ್ಕಂತೆ ನಾನು ಹೇಳುವುದು ಇಷ್ಟೇ. ತೊಳೆಯಬೇಡಿ, ಬಟ್ಟೆಯಲ್ಲೂ ಉಜ್ಜಬೇಡಿ. ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ, ಬೆವರಿನಲ್ಲೂ ಉಪ್ಪಿದೆ. ಎರಡೂ ಬದಿಯ ಚಿತ್ರ ಓರೆ ಬೆಳಕಿನಲ್ಲಿ ತೆಗೆಯಿರಿ, ಅಂಚಿನ ಚಿತ್ರ ಮರೆಯಬೇಡಿ. ತೂಕವನ್ನು ಗ್ರಾಂನಲ್ಲಿ, ಅಗಲವನ್ನು ಮಿಲಿಮೀಟರಿನಲ್ಲಿ ಬರೆದಿಡಿ. ಒಣ ಜಾಗದಲ್ಲಿ ಕಾಗದದ ಲಕೋಟೆಯಲ್ಲಿ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅದು ನಿಮಗೆ ಯಾರಿಂದ, ಯಾವ ಊರಿನಿಂದ ಬಂತು ಎಂದು ಲಕೋಟೆಯ ಮೇಲೆ ಬರೆಯಿರಿ. ಆ ಒಂದು ಸಾಲು ಯಾವ ಸ್ಲ್ಯಾಬ್‌ನಲ್ಲೂ ಸಿಗುವುದಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಇದನ್ನೆಲ್ಲ ಅಣ್ಣನಿಗೆ ಚೀಟಿ ಚೀಟಿ ಇಟ್ಟುಕೊಂಡು ಹೇಳಿದೆ. ಐದರಲ್ಲಿ ಒಂದು ಮಾತ್ರ ನಕಲಿ, ಮೂರು ಅಸಲಿ ಅಂತ ಅವರೇ ಒಪ್ಪಿದ್ದಾರೆ, ಒಂದು ಇನ್ನೂ ಓದಬೇಕಾದದ್ದು. ಅವನು "ಹಂಗಾದ್ರೆ ಅಪ್ಪ ಮೋಸ ಹೋಗಿರ್ಲಿಲ್ಲ ಅನ್ನು" ಅಂತ ಡಬ್ಬಿ ಎತ್ತಿ ಬೀರುವಿನೊಳಗೆ ಇಟ್ಟ. ಹೆಂಚಿಗೆ ಅವನೇ ಬೇರೆ ದಾರಿ ನೋಡಿಕೊಂಡಿದ್ದಾನೆ.

ಒಂದು ಮಾತು ಹೇಳುವುದು ಬಾಕಿ ಇತ್ತು. ಆ ಇಪ್ಪತ್ತು ಕಾಸನ್ನು ತೊಳೆದವನು ನಾನೇ. ಹತ್ತು ವರ್ಷದವನಿದ್ದಾಗ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಕಲಶದ ಮುಂದೆ ಇಡಲಿಕ್ಕೆ ಅಂತ ಹಿತ್ತಿಲ ಕಲ್ಲಿನ ಮೇಲೆ ಕೂತು, ಆನೆ ಕೆಂಪಗಾಗುವವರೆಗೆ ತಿಕ್ಕಿದ್ದೆ. ದೊಡ್ಡಪ್ಪ ನೋಡಿ ಏನೂ ಅಂದಿರಲಿಲ್ಲ. ಮಾರನೇ ವರ್ಷದಿಂದ ಡಬ್ಬಿ ಮಾತ್ರ ಮೇಲಿನ ಅಟ್ಟಕ್ಕೆ ಹೋಯಿತು. ದೊಡ್ಡಮ್ಮನಿಗೆ ಇದನ್ನು ಹೇಳಿದೆ.

"ಗೊತ್ತು ಕಣೋ" ಅಂದರು. "ಹುಣಸೆಹಣ್ಣು ಕೊಟ್ಟೋಳು ನಾನೇ ಅಲ್ವಾ."